ನಾಲ್ಕನೇ ಪ್ರೆಸ್ಸಿನ ಪತ್ರ

ಪತ್ರ ಕಳಿಸಿದವರ ಇ-ಮೇಲಿನಲ್ಲೂ ಇರಲಿಲ್ಲ, ತಲುಪಬೇಕಾದವರ ಇ-ಮೇಲಿನಲ್ಲೂ ಇರಲಿಲ್ಲ. ಮೇಷ್ಟ್ರು ಮೂರನೇ ಸಲ ಹುಡುಕಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ತಗಡು ಅಚ್ಚೊತ್ತುವ ಆ ಕಾರ್ಖಾನೆಯ ಮೇಲ್, ಚಾಟ್, ಫೋನುಗಳನ್ನು ನೋಡಿಕೊಳ್ಳುವವರು. ಏನನ್ನೇ ಆಗಲಿ ಮೂರು ಸಲ ವಿವರಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಇಷ್ಟು ವರ್ಷ ಎಲ್ಲರ ಮೇಲ್ ಅರ್ಧ ನೆಲಮಾಳಿಗೆಯ ಹಳೆಯ ಸರ್ವರಿನಲ್ಲಿ, ಅರ್ಧ ಕ್ಲೌಡಿನಲ್ಲಿ ಇತ್ತು. ಎರಡೂ ಕಡೆ ನೋಡಿಕೊಳ್ಳುವ ತಾಪತ್ರಯ ಸಾಕೆಂದು ಎಲ್ಲವನ್ನೂ ಕ್ಲೌಡಿಗೇ ಸಾಗಿಸುವ ಕೆಲಸ ಮೂರು ವಾರಗಳಿಂದ ನಡೆದಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಹಳೆಯ ಸರ್ವರನ್ನು ಆರಿಸಿ ಗುಜರಿಗೆ ಕೊಡಬೇಕಿತ್ತು. ಆ ಶುಕ್ರವಾರ ಇದೇ.

"ನಾನು ಬರ್ದಿದ್ದೆ ಮೇಷ್ಟ್ರೇ," ಎದುರಿಗೆ ಕುಳಿತ ಸುರಕ್ಷತಾ ಅಧಿಕಾರಿ ಹೇಳಿದರು. "ನಾಲ್ಕನೇ ಪ್ರೆಸ್ಸಿನಲ್ಲಿ ಕೈ ಕಾಯೋ ಜಾಲರಿ ಸಡಿಲ ಆಗಿದೆ, ಮಷೀನು ನಿಲ್ಸಿ ಅಂತ ಮ್ಯಾನೇಜರಿಗೆ ಬರ್ದಿದ್ದೆ. ಹದಿನಾಲ್ಕು ದಿನ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅಲ್ಲಿ ಕೆಲಸ ಮಾಡೋ ಹುಡುಗನ ಎರಡು ಬೆರಳು ಹೋಯ್ತು. ಈಗ ನಾನು ಬರ್ದೇ ಇಲ್ಲ ಅಂತಾರೆ."

ಮ್ಯಾನೇಜರು ಹೇಳುತ್ತಿದ್ದುದು ಎರಡೇ ಮಾತು: ಒಂದೋ ಪತ್ರ ಬರೆದಿಲ್ಲ, ಇಲ್ಲವೇ ಸಾಗಿಸುವಾಗ ಮೇಷ್ಟ್ರು ಕಳೆದಿದ್ದಾರೆ. ಸೋಮವಾರ ವಿಚಾರಣೆ. ಯಾರಾದರೊಬ್ಬರ ಕೆಲಸ ಹೋಗುವುದು ಖಂಡಿತ.

ಮೇಷ್ಟ್ರು ದಿಕ್ಕು ತೋಚದೆ, ಅಧಿಕಾರಿಯನ್ನೂ ಕರೆದುಕೊಂಡು ಎಲ್ಲರೂ ಹೋಗುವಲ್ಲಿಗೇ ಹೋದರು: ನೆಲಮಹಡಿಯ ಎಕ್ಸ್‌ಚೇಂಜ್ ಅಕ್ಕನ ಹತ್ತಿರ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತ ಹೆಂಗಸು. ಗೋದಾಮಿನ ಬೀಗದ ಕೈ ಕಳೆದಾಗಲೂ, ಕ್ಯಾಂಟೀನಿನ ಮೇಲೆ ಮೂಗರ್ಜಿ ಹೋದಾಗಲೂ ಆಸಾಮಿಯನ್ನು ಹಿಡಿದುಕೊಟ್ಟವಳು ಅವಳೇ. ಫೋನುಗಳೂ ಕ್ಲೌಡಿಗೇ ಹೋಗುವುದರಿಂದ, ಈ ಸಾಗಾಟ ಮುಗಿದರೆ ಅವಳ ಬೋರ್ಡಿಗೂ ಕೆಲಸವಿಲ್ಲ.

"ಸಾಗಿಸುವಾಗ ಕಳೆದಿರಬಹುದಾ?" ಅಕ್ಕ ಕೇಳಿದಳು.

"ಇಲ್ಲಕ್ಕ. ಅಲ್ಲಿಂದ ಹೊರಟಿದ್ದೆಷ್ಟೋ ಇಲ್ಲಿಗೆ ಬಂದಿದ್ದೂ ಅಷ್ಟೇ. ಇವರದ್ದೂ ಮ್ಯಾನೇಜರದ್ದೂ ಬುಧವಾರ ಸಾಗಿಸಿದ್ದು. ಅದಕ್ಕೆ ಮುಂಚೇನೇ ಯಾರೋ ಅಳಿಸಿದಾರೆ. ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಈ ಅಧಿಕಾರಿಗಳ ಮೇಲನ್ನ ಇವರ ಮೇಜಿನ ಕಂಪ್ಯೂಟರಿನಿಂದಲೇ ತೆರೆದಿದಾರೆ. ಹಳೆ ಸರ್ವರಿನಲ್ಲಿ ದಾಖಲೆ ಇದೆ."

"ಮಂಗಳವಾರ ಇಡೀ ದಿನ ನಾನು ಆ ಹುಡುಗನ ಜೊತೆ ಆಸ್ಪತ್ರೇಲಿದ್ದೆ," ಎಂದರು ಅಧಿಕಾರಿ. ಆಮೇಲೆ ತಲೆ ತಗ್ಗಿಸಿದರು. "ಪಾಸ್‌ವರ್ಡು ಕೀಬೋರ್ಡಿನ ಕೆಳಗೆ ಚೀಟಿಯಲ್ಲಿತ್ತು."

"ಸರಿಹೋಯ್ತು!" ಎಂದಳು ಅಕ್ಕ. "ಪತ್ರ ಅಲ್ಲೂ ಇಲ್ಲ ಅಂದ್ರೆ ಅಳಿಸಿದವರ ಕೈಗೆ ಅದೂ ಸಿಗ್ಬೇಕು. ಮ್ಯಾನೇಜರ ಮೇಲ್ ಯಾರು ತೆಗೀತಾರೆ?"

"ಅವರು, ಅವರ ಕಾರ್ಯದರ್ಶಿ. ಸಿಬ್ಬಂದಿ ಅಧಿಕಾರಿಗೂ ಅನುಮತಿ ಇದೆ. ಆದ್ರೆ ಆ ಹೊತ್ತಿಗೆ ಮೂವರೂ ವಿಡಿಯೋ ಮೀಟಿಂಗಿನಲ್ಲಿದ್ರು, ಮೂರನೇ ಮಹಡಿಯ ಅವರವರ ಕೋಣೆಯಿಂದ. ಸಿಬ್ಬಂದಿ ಅಧಿಕಾರಿ ಮಾತ್ರ ಕ್ಯಾಮೆರಾ ಮುಚ್ಚಿ, ಒಂದು ಗಂಟೆ ತುಟಿ ಬಿಚ್ಚಲಿಲ್ಲ. ಕಾರ್ಯದರ್ಶಿಯಮ್ಮಂದು ಹತ್ತು ನಿಮಿಷ ಲೈನು ಕಟ್ಟಾಗಿ, ನಾನು ಬೈಸಿಕೊಂಡೆ. ಸೊಳ್ಳೆ ಕಚ್ಚಿದ್ರೂ ನನ್ನ ಸಾಗಾಟದ್ದೇ ತಪ್ಪು."

"ನಿಜವಾಗ್ಲೂ ಕಟ್ಟಾಗಿತ್ತಾ?"

ಬೈಗುಳ ತಿಂದು ತಿಂದು ಜಡ್ಡುಗಟ್ಟಿದ್ದ ಮೇಷ್ಟ್ರು ಅದನ್ನು ನೋಡಿಯೇ ಇರಲಿಲ್ಲ.

"ನೋಡಿ. ಆಮೇಲೆ ಆ ಮೀಟಿಂಗಿನ ರೆಕಾರ್ಡಿಂಗ್ ಹಾಕಿ," ಎಂದು ಅಕ್ಕ ಹಳೆಯ ಹೆಡ್‌ಫೋನನ್ನು ಒರೆಸಿ ಕಿವಿಗೇರಿಸಿದಳು. ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಒಂದು ಕಡೆ ನಕ್ಕಳು. ಇನ್ನೊಂದು ಕಡೆ ಹಿಂದಕ್ಕೆ ಹಾಕಿಸಿ ಮತ್ತೆ ಕೇಳಿದಳು. ಆಗ ಅವಳ ಮುಖ ಬಾಡಿತು.

ಮೂರು ಗಂಟೆಗೆ ಎಲ್ಲರೂ ಮ್ಯಾನೇಜರ ಕೋಣೆಯಲ್ಲಿ ಸೇರಿದರು. ಮ್ಯಾನೇಜರು ಗಡಿಯಾರ ನೋಡುತ್ತಿದ್ದರು. ಸಿಬ್ಬಂದಿ ಅಧಿಕಾರಿ ಬೆವರು ಒರೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಯಮ್ಮ ಎಂದಿನಂತೆ ನೋಟ್‌ಪುಸ್ತಕ ಹಿಡಿದು ಬಾಗಿಲ ಪಕ್ಕದಲ್ಲಿ ಕುಳಿತಿದ್ದರು.

"ಅಳಿಸಿದವರು ಹನ್ನೊಂದು ಇಪ್ಪತ್ತಕ್ಕೆ ಕೆಳಗಡೆ, ಸುರಕ್ಷತಾ ಅಧಿಕಾರಿಗಳ ಕೋಣೇಲಿದ್ರು," ಅಕ್ಕ ಶುರುಮಾಡಿದಳು. "ಮ್ಯಾನೇಜರು ಅಲ್ಲ. ಆ ಒಂದು ಗಂಟೆ ಅವರು ಒಬ್ಬರೇ ಮಾತಾಡಿದಾರೆ, ಮುಖಾನೂ ಕಾಣ್ತಿದೆ. ಸಿಬ್ಬಂದಿ ಅಧಿಕಾರಿಗಳ ಮೇಲೆ ಎಲ್ಲರಿಗೂ ಅನುಮಾನ. ಆದ್ರೆ ಅವರು ಕ್ಯಾಮೆರಾ ಮುಚ್ಚಿದ್ರೇ ಹೊರತು ಮೈಕು ಮುಚ್ಚಲಿಲ್ಲ. ಮ್ಯಾನೇಜರು ಉಸಿರು ತಗೊಂಡಾಗೆಲ್ಲ ಇವರ ಗೊರಕೆ ಕೇಳಿಸುತ್ತೆ. ಅದು ನಟನೆ ಅಲ್ಲ ಸಾರ್, ಗಾಢ ನಿದ್ದೆ."

ಸಿಬ್ಬಂದಿ ಅಧಿಕಾರಿಯ ಮುಖದಲ್ಲಿ ನಾಚಿಕೆಯೂ ಸಮಾಧಾನವೂ ಒಟ್ಟಿಗೆ ಮೂಡಿದವು.

"ಉಳಿದಿದ್ದು ಒಬ್ಬರು." ಅಕ್ಕ ಕಾರ್ಯದರ್ಶಿಯಮ್ಮನ ಕಡೆ ತಿರುಗಿದಳು. " ಹನ್ನೊಂದೂ ಹದಿನೈದಕ್ಕೆ ಲೈನು ಕಟ್ಟಾಯ್ತು ಅಂದ್ರಿ. ಮೇಷ್ಟ್ರು ನೋಡಿದಾರೆ, ಮೂರನೇ ಮಹಡೀಲಿ ಯಾವ ಲೈನೂ ಕಟ್ಟಾಗಿಲ್ಲ. ನೀವೇ ಮೀಟಿಂಗಿನಿಂದ ಹೊರಗೆ ಬಂದಿರೋದು. ಹತ್ತು ನಿಮಿಷ ಬಿಟ್ಟು ಮೊಬೈಲಿನಿಂದ ಮತ್ತೆ ಸೇರಿ, 'ಕೇಳಿಸ್ತಿದೆಯಾ ಸಾರ್?' ಅಂದ್ರಿ. ಆ ಮಾತಿನ ಹಿಂದೆ 'ಧಡ್' ಅಂತ ಎರಡು ಸಲ ಸದ್ದಿದೆ. ಪ್ರೆಸ್ಸಿನ ಸದ್ದು. ಈ ಮಹಡಿಗೆ ಅದು ಕೇಳಿಸಲ್ಲ. ಸುರಕ್ಷತಾ ಅಧಿಕಾರಿಗಳ ಕೋಣೆಗೂ ಪ್ರೆಸ್ಸಿಗೂ ನಡುವೆ ಇರೋದು ಒಂದೇ ಗೋಡೆ. ಯಾವ ಕೋಣೆಯಿಂದ ಮಾತಾಡ್ತಿದಾರೆ ಅಂತ ಸದ್ದಿನಲ್ಲೇ ಗುರುತು ಹಿಡಿಯೋದು ನನ್ನ ಕೆಲಸ."

ಕಾರ್ಯದರ್ಶಿಯಮ್ಮನ ಪೆನ್ನು ನಿಂತಿತು. ಅವರು ಅಳಲಿಲ್ಲ. ಅಳುವುದಕ್ಕೂ ತ್ರಾಣವಿಲ್ಲದವರಂತೆ ಕಂಡರು.

"ಇವರ ಜೊತೆಗಿದ್ದ ಇನ್ನೊಬ್ಬ ಕಾರ್ಯದರ್ಶಿ ಬಿಟ್ಟು ಹೋಗಿ ಒಂದೂವರೆ ವರ್ಷ ಆಯ್ತು," ಅಕ್ಕನ ದನಿ ಇಳಿಯಿತು. "ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಯಾಕಮ್ಮ ಹೀಗೆ ಮಾಡಿದೆ?"

"ದಿನಕ್ಕೆ ಇನ್ನೂರು ಮೇಲ್ ಬರುತ್ತೆ ಅಕ್ಕ. ಸಾಹೇಬರು ಸ್ಕ್ರೀನಿನಲ್ಲಿ ಓದಲ್ಲ, ಪ್ರಿಂಟ್ ತೆಗೆದು ಇಡಬೇಕು. ಆ ಪತ್ರದ್ದೂ ತೆಗೆದು ಫೈಲಿಗೆ ಹಾಕಿದೆ. ಆ ಫೈಲು ಒಂಬತ್ತು ದಿನ ಈ ಮೇಜಿನ ಮೇಲೆ ಹಾಗೇ ಇತ್ತು. ಜಾಗ ಸಾಲದು, ಎಲ್ಲಾ ತಗೊಂಡು ಹೋಗು ಅಂದ್ರು. ತಗೊಂಡು ಹೋದೆ. ಆಮೇಲೆ ನಂಗೆ ಮರ್ತೇಹೋಯ್ತು. ಅವನ ಕೈಯಿಂದ ರಕ್ತ ಸುರೀತಾ ಸ್ಟ್ರೆಚರಿನಲ್ಲಿ ಹೋಗ್ತಿದ್ದಾಗ ನೆನಪಾಯ್ತು. ಎಲ್ಲಾ ನನ್ನ ತಲೆಗೇ ಬರುತ್ತೆ ಅಂತ ಎರಡೂ ಕಡೆ ಅಳಿಸಿಬಿಟ್ಟೆ. ಸಾಗಾಟದಲ್ಲಿ ಕಳೆದುಹೋಯ್ತು ಅಂದ್ಕೋತಾರೆ ಅಂತಿದ್ದೆ."

ಅವರು ಕೈಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದರು. "ಪ್ರಿಂಟು ಮಾತ್ರ ಹರಿಯೋಕೆ ಮನಸ್ಸು ಬರಲಿಲ್ಲ."

ಮ್ಯಾನೇಜರು ಕೈ ನೀಡಲಿಲ್ಲ. "ಹಾಗಾದ್ರೆ ವಿಷಯ ಇತ್ಯರ್ಥ ಆಯ್ತು," ಎಂದು ಎದ್ದರು. "ತಪ್ಪು ಯಾರದು ಅಂತ ಗೊತ್ತಾಯ್ತಲ್ಲ."

"ಕೂತ್ಕೊಳ್ಳಿ ಸಾರ್," ಎಂದರು ಮೇಷ್ಟ್ರು. ಹನ್ನೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಹಾಗೆ ಮಾತಾಡಿದ್ದು ಅದೇ ಮೊದಲು. "ಅಳಿಸಿದ ತಪ್ಪು ಅವರದು, ಅವರೇ ಒಪ್ಪಿಕೊಂಡ್ರು. ಹಳೆ ಸರ್ವರನ್ನ ಇವತ್ತು ಆರಿಸಲ್ಲ. ಸೋಮವಾರ ದಾಖಲೆ, ರೆಕಾರ್ಡಿಂಗು, ಈ ಹಾಳೆ ಮೂರನ್ನೂ ನಾನೇ ವಿಚಾರಣೆಗೆ ತರ್ತೀನಿ. ಆ ಒಂಬತ್ತು ದಿನದ ಲೆಕ್ಕಾನೂ ಅಲ್ಲೇ ಹೇಳ್ತೀನಿ."

ಅಕ್ಕ ಹಾಳೆ ಬಿಡಿಸಿ ಮ್ಯಾನೇಜರ ಮುಂದಿಟ್ಟಳು. "ಓದಿ ಸಾರ್. ನಿಮಗೇ ಬರ್ದಿರೋದು."

ಬೇರೆ ದಾರಿ ಕಾಣದೆ ಮ್ಯಾನೇಜರು ಕುಳಿತು ಗಟ್ಟಿಯಾಗಿ ಓದಿದರು. ಪತ್ರದಲ್ಲಿ ಇದ್ದುದು ಆರು ಸಾಲು. ಓದಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.