ಗಾಜಿನಡಿಯ ಸಹಿಗಳು

ನವೆಂಬರ್ ಮೊದಲ ಸೋಮವಾರ ಬೆಳಗ್ಗೆ ಭಾನುಮತಿ ಪಾರ್ಕ್‌ಲ್ಯಾಂಡ್ಸ್ ಠಾಣೆಗೆ ಬಂದು ದೂರು ಕೊಟ್ಟಳು. ಈ ಪರದೇಶದಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಠಾಣೆಯ ದಾಖಲೆ ಪುಸ್ತಕದ ಓ.ಬಿ. ನಂಬರ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹತ್ತೊಂಬತ್ತನೇ ಶತಮಾನದ ಕಾದಂಬರಿಕಾರನೊಬ್ಬ ಅವಳ ಹಿರಿಯರ ಛಾಪಖಾನೆಗೆ ಬರೆದ ಪತ್ರಗಳು ಕಳುವಾಗಿದ್ದವು. ಪ್ರದರ್ಶನಕ್ಕೆಂದು ಕೊಟ್ಟಿದ್ದಳು, ಕನ್ನಡ ಸಂಘದ ಬೀರುವಿನಿಂದಲೇ ಮಾಯ.

"ಏನಿತ್ತು ಅದರಲ್ಲಿ?" ಇನ್ಸ್‌ಪೆಕ್ಟರ್ ಮುತೋನಿ ಕೇಳಿದಳು.

"ಅಚ್ಚುಮೊಳೆ ಸವೆದಿದೆ, ಕಾಗದ ತೆಳು, ನನ್ನ ಮಾತು ತಿದ್ದಬೇಡಿ ಅಂತ ಜಗಳ ಆಡಿದಾನೆ ಮೇಡಂ. ಅದನ್ನೇ ಪುಸ್ತಕ ಮಾಡ್ತಿದೀನಿ. ಸ್ಕ್ಯಾನ್ ಆಗಿರಲಿಲ್ಲ. ಫೋನಲ್ಲಿ ಒಂದೇ ಪುಟ ಇದೆ."

ಸ್ಥಳ ಪಂಚನಾಮೆಯಾಯಿತು. ಬೀರುವಿನ ಬೀಗ ಮುರಿದಿರಲಿಲ್ಲ. ಸಂಘದ ಕಾರ್ಯದರ್ಶಿ, ಔಷಧ ಕಾರ್ಖಾನೆಯ ಮ್ಯಾನೇಜರ್ ಶೇಷಾದ್ರಿ ಪಕ್ಕದಲ್ಲೇ ನಿಂತಿದ್ದ.

"ಕೀಲಿ ಯಾರ ಬಳಿ ಇದೆ?"

"ಕಮಿಟಿಯವರೆಲ್ಲರ ಹತ್ರಾನೂ. ನೀವು ಹಾಲ್ ಗುಡಿಸೋ ಆ ಕ್ಲೀನರ್‌ನ ವಿಚಾರಿಸಿ."

ಮುತೋನಿಗೆ ಮೈಯೆಲ್ಲ ಉರಿದುಹೋಯಿತು. ಏನು ಕಳುವಾದರೂ ಮೊದಲ ಬೆರಳು ಕ್ಲೀನರ್ ಕಡೆಗೇ! "ಆಕೆಗೆ ಕನ್ನಡ ಬರುತ್ತದೆಯೆ?" ಎಂದಳು. ಶೇಷಾದ್ರಿ ಕಮಿಟಿಯವರ ಪಟ್ಟಿ ತಂದುಕೊಟ್ಟ.

ಕಮಿಟಿಯವರನ್ನೆಲ್ಲ ವಿಚಾರಿಸಿದ್ದಾಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ಶನಿವಾರ ಸಂಘದ ರಾಜ್ಯೋತ್ಸವ. ತನಿಖೆಯಲ್ಲಿ ಆಸಕ್ತಿ ತೋರಿದ್ದಕ್ಕಾಗಿ ಇನ್ಸ್‌ಪೆಕ್ಟರಿಗೇ ಶಾಲು, ಹಾರ, ಹಣ್ಣಿನ ಬುಟ್ಟಿ, ಮೆಮೆಂಟೊ. ಕಳ್ಳ ಸಿಕ್ಕಿರಲಿಲ್ಲ, ಸನ್ಮಾನ ಮಾತ್ರ ಸಿಕ್ಕಿತು! ವೇದಿಕೆ ಹತ್ತಿದವರಿಗೆಲ್ಲ ಸನ್ಮಾನ ಮಾಡದಿದ್ದರೆ ಇವರಿಗೆ ಅನ್ನ ಮೈಗೆ ಹತ್ತುವುದಿಲ್ಲ.

ಜೀಪಿನಲ್ಲಿ ಕೂತು ಅವಳು ಮೆಮೆಂಟೊ ಸುತ್ತಿದ್ದ ಬಣ್ಣದ ಕಾಗದ ಬಿಚ್ಚಿದಳು. ಗಾಜಿನಡಿಯಲ್ಲಿ ಹಳದಿಗಟ್ಟಿದ ಕಾಗದದ ಪಟ್ಟಿ, ಅದರ ಮೇಲೆ ಕಂದು ಶಾಯಿ. ಭಾನುಮತಿಯ ಫೋನಿನಲ್ಲಿ ಕಂಡಿದ್ದ ಅದೇ ಬರಹ.

"ಬರಾಸಾ, ಗೇಟು ಹಾಕು," ಎಂದು ಕಾನ್ಸ್‌ಟೇಬಲ್‌ಗೆ ಹೇಳಿ ಇಳಿದಳು.

ಅತಿಥಿಗಳ ಕೈಯಿಂದ ಮೆಮೆಂಟೊಗಳನ್ನು ಒಂದೊಂದಾಗಿ ಜಪ್ತಿ ಮಾಡಿದರು. ಭಾನುಮತಿ ನೋಡಿ, "ಎಲ್ಲಾ ಆ ಕಾದಂಬರಿಕಾರನದೇ ಸಹಿ," ಎಂದಳು. ಮೆಮೆಂಟೊ ಮಾಡಿಸಿದವನು ಶೇಷಾದ್ರಿ ಎಂದು ಕಮಿಟಿಯವರು ಹೇಳಿದರು; ರಿವರ್‌ಸೈಡ್ ಬಡಾವಣೆಯ ಅವನ ಫ್ಲ್ಯಾಟಿನಲ್ಲಿ ಬುಡ ಕತ್ತರಿಸಿದ ಪತ್ರಗಳು ಸಿಕ್ಕವು. ಅಲ್ಲೇ ಬಂಧನ.

"ಪತ್ರ ಹಾಗೇ ಇದೆಯಲ್ಲ," ಶೇಷಾದ್ರಿ ಗೊಣಗಿದ. "ಸಹಿ ಮಾತ್ರ ತಾನೇ ತೆಗೆದಿದ್ದು?"

"ಎರಡೂ ಮಗ್ಗುಲು ಬರೆದಿದಾನೆ ಕಣ್ರೀ!" ಭಾನುಮತಿ ಕತ್ತರಿಸಿದ ಪತ್ರವೊಂದನ್ನು ತಿರುಗಿಸಿ ತೋರಿಸಿದಳು. "ಸಹಿ ಹಿಂದಿನ ಸಾಲೆಲ್ಲ ಗಮ್ ಕೆಳಗೆ ಹೋಯ್ತು. ನನ್ನ ಮಾತು ಕೆಡಿಸಬೇಡಿ ಅಂತ ಅಂಗಲಾಚಿದವನು ಅವನು. ನಾನು ಇನ್ನೇನು ಅಚ್ಚು ಹಾಕಿಸಲಿ?"

ಮುತೋನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಹೇಳಿಕೆ ಬರೆದುಕೊಂಡಳು.

"ಪ್ರತಿವರ್ಷ ಮೆಮೆಂಟೊ ಆರಿಸೋನು ನಾನೇ ಮೇಡಂ," ಎಂದ ಶೇಷಾದ್ರಿ. "ಎಲ್ಲರೂ ಸಂಘದ ಹಾಲ್‌ನಲ್ಲೇ ಬಿಟ್ಟು ಹೋಗ್ತಾರೆ. ಈ ಸಲವಾದ್ರೂ ಮನೆಗೆ ತಗೊಂಡು ಹೋಗ್ಲಿ ಅಂತ."

ಜಪ್ತಿಯ ಪಂಚನಾಮೆಗೆ ಬರಾಸಾ ಕೊನೆಯ ಸಾಲು ಸೇರಿಸಿದ. ಮೂರು ಮೆಮೆಂಟೊಗಳು ಕುರ್ಚಿಗಳ ಕೆಳಗೆ ಸಿಕ್ಕಿದ್ದವು, ಬಣ್ಣದ ಕಾಗದ ಕೂಡ ಬಿಚ್ಚಿರಲಿಲ್ಲ.