ಗಾನವಿಯ ಹಿಮ್ಮಡಿ

ನಂಜನಗೂಡಿನ ಶೋರೂಮಿನವರು ಗಾನವಿಗೆ ಸಾಲಾಗಿ ಸ್ಕೂಟರ್‌ಗಳನ್ನೇ ತೋರಿಸಿದರು. ಅವಳು ಕೇಳಿದ್ದು ಸ್ಪೋರ್ಟ್ಸ್ ಬೈಕು. ಅವಳು ಕುಳ್ಳಗಿದ್ದಳು, ಅಷ್ಟೇ ಕಾರಣ. ಆ ಸಿಟ್ಟನ್ನು ಹೊತ್ತುಕೊಂಡೇ ಮಾರನೇ ದಿನ ಟಿ. ನರಸೀಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ತನ್ನ ಡ್ಯೂಟಿ ಮುಗಿಸಿ, ಅದೇ ಊರಲ್ಲಿ ಹಳೇ ಬೈಕು ಮಾರುವ ನಂಜುಂಡೇಶನ ಗ್ಯಾರೇಜಿಗೆ ಬಂದಳು.

"ಸ್ಕೂಟಿ ತಗೊಳ್ಳಿ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ, ಹೋಗ್ತೀನಿ," ಎಂದಳು.

ನಂಜುಂಡೇಶ ಆರಡಿ ಆಳು. ಅವಳನ್ನು ನೋಡಲು ಕತ್ತು ಬಗ್ಗಿಸಬೇಕಾಯಿತು. ಬಗ್ಗಿಸಿದ ಕತ್ತನ್ನು ಎತ್ತುವುದು ಕೊಂಚ ತಡವಾಯಿತು.

"ಅನ್ನಲ್ಲ ಮೇಡಂ. ಕೂತ್ಕಂಡು ನೋಡಿ."

ಅವಳು ಒಂದೊಂದೇ ಬೈಕು ಹತ್ತಿ ಇಳಿದಳು. ಸೀಟಿನ ಎತ್ತರವೊಂದೇ ಲೆಕ್ಕವಲ್ಲ, ಅಗಲವೂ ಲೆಕ್ಕ. ಅಗಲದ ಸೀಟು ಉದ್ದನೆಯ ಕಾಲನ್ನೂ ಮೋಟು ಮಾಡುತ್ತದೆ. ಕೊನೆಗೆ ಮುಂದೆ ಸಪೂರವಾಗಿದ್ದ ನೀಲಿ ಬೈಕೊಂದು ಅವಳಿಗೆ ಒಪ್ಪಿತು. ಅದರ ಮೇಲೂ ಶೂ ತುದಿಯಷ್ಟೇ ನೆಲ ಮುಟ್ಟಿತು.

"ಎತ್ತರ ಇಳಿಸ್ಕೊಡ್ತೀನಿ. ಎಷ್ಟು ಬೇಕು?"

"ಶೂ ಹಾಕ್ಕೊಂಡು ಮುಂಗಾಲು ಊರಿದ್ರೆ ಸಾಕು. ಹಿಮ್ಮಡಿ ಊರೋದು ಬೇಡ. ಜಾಸ್ತಿ ಇಳಿಸಿದ್ರೆ ಪ್ರತಿ ಹಂಪಲ್ಲೂ ಬೈಕಿನ ಹೊಟ್ಟೆ ಉಜ್ಜುತ್ತೆ."

"ಸರಿ."

"ಅಳತೆ ಕಾಲಿಗೆ ಕಣ್ರೀ. ನೀವು ಮುಖ ನೋಡ್ತಿದ್ದೀರಿ."

ಸಿಕ್ಕಿಬಿದ್ದ ನಂಜುಂಡೇಶ ಸ್ಪ್ಯಾನರ್ ಹುಡುಕುವವನಂತೆ ಆಚೆ ತಿರುಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಒಂದು ದಿನದ ಕೆಲಸವನ್ನು ಅವನು ವಾರಗಟ್ಟಲೆ ಎಳೆದ. ಹಿಂದಿನ ಸಸ್ಪೆನ್ಷನ್‌ಗೆ ಬೇರೆ ಪ್ಲೇಟು ಹಾಕಿದ, ಮುಂದಿನ ಫೋರ್ಕ್ ಸಡಿಲಿಸಿ ಬೈಕನ್ನು ತಗ್ಗಿಸಿದ, ತಗ್ಗಿದ ಎತ್ತರಕ್ಕೆ ತಕ್ಕಂತೆ ಸೈಡ್ ಸ್ಟ್ಯಾಂಡನ್ನೂ ಕತ್ತರಿಸಿ ವೆಲ್ಡಿಂಗ್ ಮಾಡಿದ. ಅವಳು ದಿನಾ ಬಂದು ಹತ್ತಿ ಕೂತು ನೋಡುವಳು. ಟೀ ಬರುವುದು. ಆ ಟೀ ಆರುವ ತನಕ ಮಾತು ಸಾಗುವುದು. ಒಂದು ಸಂಜೆ ಅವನು ಕೇಳಿಯೇಬಿಟ್ಟ.

"ಮನೆಯವ್ರನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಗಾನವಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. "ಬೈಕ್ ಪೂಜೆ ದಿನ ಹೇಳ್ತೀನಿ."

ಪೂಜೆಯ ಹಿಂದಿನ ಸಂಜೆ ಗ್ಯಾರೇಜಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ಅವುಗಳ ಪಕ್ಕದಲ್ಲಿ ಮುಂಗಾಲ ಮೇಲೆ ನಿಂತ ಗಾನವಿಯನ್ನು ಅವನು ನೆನೆಸಿಕೊಂಡ. ಯಾರನ್ನೂ ಕೇಳದೆ ಬೈಕನ್ನು ಇನ್ನೂ ಒಂದಿಂಚು ಇಳಿಸಿದ. ಸ್ಟ್ಯಾಂಡು ಹಳೇ ಅಳತೆಯದೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಪ್ರೀತಿಯಲ್ಲಿ ಬಿದ್ದವರಿಗೆ ಇಂಥವು ಹೊಳೆಯುವುದು ಕಷ್ಟ.

ನಂಜನಗೂಡಿನ ದೇವಸ್ಥಾನದ ಮುಂದೆ ಅರ್ಚಕರು ಬೈಕಿಗೆ ಕುಂಕುಮವಿಟ್ಟು, ಹಾರ ಹಾಕಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ಗಾನವಿ ಶೂ ಬಿಚ್ಚಿ ಬರಿಗಾಲಲ್ಲಿ ಬೈಕು ಹತ್ತಿದಳು. ಶೂ ಹಾಕಿದರೂ ಮುಂಗಾಲಷ್ಟೇ ಊರಬೇಕಾದ ಬೈಕಿನ ಮೇಲೆ ಬರಿಗಾಲ ಹಿಮ್ಮಡಿ ನೆಲದ ಕಲ್ಲುಹಾಸಿಗೆ ತಾಗಿತು. ಅವಳು ಕಾಲು ನೋಡಿಕೊಂಡಳು. ಆಮೇಲೆ ನಂಜುಂಡೇಶನನ್ನು ನೋಡಿದಳು. ಅವನು ಒಡೆದ ತೆಂಗಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಅವಳು ನಿಂಬೆಹಣ್ಣಿನ ಮೇಲೆ ಬೈಕು ಹಾಯಿಸಿ, ಸ್ಟ್ಯಾಂಡು ಹಾಕಿ ಇಳಿದಳು. ತಗ್ಗಿದ ಬೈಕಿಗೆ ಸ್ಟ್ಯಾಂಡು ಉದ್ದವಾಗಿತ್ತು. ವಾಲಿ ನಿಲ್ಲಬೇಕಾದ ಬೈಕು ನೆಟ್ಟಗೆ ನಿಂತು, ಒಮ್ಮೆ ತೂಗಿ, ಹಾರದ ಸಮೇತ ಸ್ಟ್ಯಾಂಡಿಲ್ಲದ ಕಡೆಗೆ ಮಗುಚಿತು. ಕನ್ನಡಿ ಒಡೆಯಿತು.

"ದೃಷ್ಟಿ ಹೋಯ್ತು ಬಿಡಮ್ಮ," ಎಂದರು ಅರ್ಚಕರು.

"ದೃಷ್ಟಿ ಅಲ್ಲ ಸ್ವಾಮಿ, ಒಂದಿಂಚು," ಎಂದಳು ಗಾನವಿ. ಅವಳೂ ನಂಜುಂಡೇಶನೂ ಸೇರಿ ಬೈಕು ಎತ್ತಿದರು. "ಯಾಕೆ ಇಳಿಸಿದ್ರಿ?"

"ನೀವು ಎಲ್ಲಾದ್ರೂ ಬಿದ್ಬುಟ್ರೆ ಅಂತ."

"ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೂಂ, ಅಂತಿದ್ದೆ. ಶೋರೂಮಿನವರು ಎದುರಿಗೇ ಸ್ಕೂಟರ್ ತೋರಿಸಿದ್ರು. ನೀವು ಹಿಂದಿನಿಂದ ಇದನ್ನೇ ಸ್ಕೂಟರ್ ಮಾಡಿದ್ರಿ."

ಮನೆಗೆ ಬರುವ ಮಾತಿಗೆ ಉತ್ತರ ಕೇಳುವ ಮುಖ ಇನ್ನು ಅವನಿಗಿರಲಿಲ್ಲ. ಗ್ಯಾರೇಜಿಗೆ ಮರಳಿ ಒಂದಿಂಚು ಏರಿಸಿದ. ಅವಳು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದಳು.

"ತಪ್ಪಾಯ್ತು," ಎಂದ ಅವನು, ಬೋಲ್ಟಿನಿಂದ ಕಣ್ಣು ತೆಗೆಯದೆ. "ನಿಮ್ ಮೇಲೆ ಆಸೆ ಬಾಳ ಆಗೋಯ್ತು. ನಂಬಿಕೆ ಅಷ್ಟು ಬೆಳೀಲಿಲ್ಲ."

ಅವಳು ಟಾರ್ಚ್ ಆರಿಸಿದಳು. "ಹಿಂದೆ ಕೂತ್ಕೊಳ್ಳಿ."

ಆರಡಿ ಆಳು ಮೊಣಕಾಲು ಮಡಿಚಿಕೊಂಡು ಹಿಂದಿನ ಪುಟ್ಟ ಸೀಟಿನಲ್ಲಿ ಕೂತ. ಹೊಳೆಯ ಸೇತುವೆಗೆ ಹತ್ತುವ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ತಿರುಗುತ್ತಿತ್ತು. ಗಾನವಿ ಬ್ರೇಕ್ ಹಿಡಿದಳು. ಅವನ ಉದ್ದನೆಯ ಕಾಲುಗಳು ತಾವಾಗಿಯೇ ನೆಲಕ್ಕಿಳಿದವು.

"ಕಾಲು ಎತ್ತಿ."

"ಗಾನವಿ, ಏರು ಇದು..."

"ಎತ್ತಿ."

ಎತ್ತಿದ. ಇಬ್ಬರ ಭಾರವೂ ಅವಳ ಎಡ ಮುಂಗಾಲಿನ ಮೇಲೆ ಬಂತು. ಬೈಕು ಒಂದು ಸಲ ಅಲುಗಿ ನಿಂತಿತು. ಟ್ರ್ಯಾಕ್ಟರು ನಿಧಾನವಾಗಿ ತಿರುಗಿತು, ಅದರ ಹಿಂದಿನ ಟ್ರೈಲರು ಇನ್ನೂ ನಿಧಾನವಾಗಿ. ನಂಜುಂಡೇಶನಿಗೆ ಉದ್ದಕ್ಕೂ ಭಯವಾಗಿಯೇ ಇತ್ತು. ಆದರೂ ಕಾಲು ಇಳಿಸಲಿಲ್ಲ.

ದಾರಿ ತೆರವಾಯಿತು.

"ಭಾನುವಾರ ನಿಮ್ಮನೆಯವ್ರನ್ನ ಕರ್ಕೊಂಡು ಬನ್ನಿ," ಎಂದಳು ಅವಳು, ತಿರುಗಿ ನೋಡದೆ.

"ಕಾಲು ಇಳಿಸ್ಲಾ?" ಎಂದು ಕೇಳಿದ.

"ಬೇಡ," ಎಂದು ಗಾನವಿ ಕ್ಲಚ್ ಬಿಟ್ಟಳು.