ಅಮ್ಮನ ಹಸಿರು ಹವಳ

ಬಾಗಿಲು ತೆರೆದವಳ ಕೈಯಲ್ಲಿ ಕೊಳೆತ ಹವಳಗಳ ಬಕೆಟ್ಟಿತ್ತು. ಎದುರಿಗೆ, ಇನ್ನೆಂದೂ ಮುಖ ನೋಡಬಾರದೆಂದು ಅವಳು ನಿಶ್ಚಯಿಸಿದ್ದ ಮನುಷ್ಯ ನಿಂತಿದ್ದ.

ಮೇಲ್ಮಹಡಿಯ ಹಲ್ಲಿನ ಡಾಕ್ಟರು!

"ಒಳಗೆ ಬರ್ಬೇಡಿ."

"ನಾತ ಮೆಟ್ಟಿಲವರೆಗೂ ಬಂದಿದೆ. ಹವಳದ ತೊಟ್ಟಿ ಹೀಟರ್ ಕೆಟ್ಟೋಯ್ತಾ?"

ಅವಳು ಕೆಲಸಕ್ಕೆ ಹೋಗಿದ್ದಾಗ ಹೀಟರು ಆರದೆ ಉರಿದು, ಗಾಜಿನ ತೊಟ್ಟಿಯ ಉಪ್ಪುನೀರು ಕಾದುಹೋಗಿತ್ತು. ತೀರಿಕೊಂಡ ಅಮ್ಮ ಮಗುವಿನಂತೆ ಸಾಕಿದ್ದ, ಕಡಲಜೀವಿಯಾದ ಹಸಿರು ಹವಳ ಈಗ ಬೂದುಬಣ್ಣದ ಲೋಳೆಯಾಗಿ ಕಲ್ಲಿನಿಂದ ಜಾರುತ್ತಿತ್ತು. ಕೊಳೆತ ಮೊಟ್ಟೆಯ ನಾತ... ಅವಳು ಮೂಗನ್ನು ಭುಜಕ್ಕೆ ಒತ್ತಿಕೊಂಡಳು.

"ಪುಟ್ಟೀ, ಆ ಹೊಲಸನ್ನ ಇನ್ನೂ ಬಿಸಾಕ್ಲಿಲ್ವೇನೇ? ನನ್ನ ಕಾಫಿಗೂ ಅದೇ ವಾಸನೆ!" ಒಳಗಿನಿಂದ ಚಿಕ್ಕಮ್ಮ ಕೂಗಿದರು.

ಅವನು ಬಕೆಟ್ಟಿಗೆ ಕೈಚಾಚಿದ.

"ಮುಟ್ಬೇಡಿ! ಆ ಕೈ ನೋಡಿದ್ರೇ ಅಸಹ್ಯ ನಂಗೆ."

ಆ ಕೈಗೇ ಅಲ್ಲವೇ, ಅಮ್ಮನ ಹವಳದ ಒಂದು ತುಂಡನ್ನು ಅವಳು ಪ್ರೀತಿಯಿಂದ ಕೊಟ್ಟದ್ದು? ಅವನು ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಕಟಕಟನೆ ತುಂಡರಿಸುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಸಿಂಬಳದಂಥ ಲೋಳೆ ಎಳೆಯೆಳೆಯಾಗಿ ಅವನ ಬೆರಳಿಗೆ ಅಂಟಿತ್ತು. ಅವನೋ, ಶಿಳ್ಳೆ ಹಾಕುತ್ತಿದ್ದ! ಅಂದು 'ಕಟುಕ' ಎಂದು ಮುಚ್ಚಿದ ಬಾಗಿಲನ್ನು, ಅವನೆಷ್ಟು ತಟ್ಟಿದರೂ ಅವಳು ತೆರೆದಿರಲಿಲ್ಲ.

"ಆಮೇಲೆ ಬೈಯಿರಿ. ಈಗ ಒಂದ್ಸಲ ಮೇಲೆ ಬನ್ನಿ."

ಅವನ ತೊಟ್ಟಿಯೆದುರು ಅವಳು ಕಂಬದಂತೆ ನಿಂತಳು. ನೀಲಿ ಬೆಳಕಿನಲ್ಲಿ, ಅಂಟುಹಾಕಿ ನಿಲ್ಲಿಸಿದ ಪುಟ್ಟ ಪುಟ್ಟ ಹಸಿರು ಕೊಂಬೆಗಳು. ಕತ್ತರಿಸಿದ ಜಾಗದಿಂದಲೇ ಚಿಗುರು!

ಅಮ್ಮಾ... ಇನ್ನೂ ಉಳಿದಿದ್ದೀಯಾ?

"ಕತ್ತರಿಸಿದ್ರೆ ಹಬ್ಬುತ್ತೆ ಇದು. ಗೆಳೆಯರ ತೊಟ್ಟಿಗಳಲ್ಲೂ ಇಟ್ಟಿದ್ದೀನಿ. ಒಂದು ಮನೇಲಿ ಕೆಟ್ರೂ ಇನ್ನೊಂದು ಮನೇಲಿ ಉಳೀಲಿ ಅಂತ."

"ಹೇಳ್ಬಾರ್ದಿತ್ತಾ?"

"ಹೇಳ್ದೆನಲ್ಲ, ನಿಮ್ಮ ಬಾಗಿಲಿಗೆ. ಪಾಪ, ಕೇಳಿಸ್ಕೊಂಡ್ತು. ತೆರೀಲಿಲ್ಲ ಅಷ್ಟೆ."

ಇಷ್ಟು ಹೊತ್ತು ನಾತಕ್ಕೆ ಹೇಸುತ್ತಿದ್ದವಳಿಗೆ ಈಗ 'ಕಟುಕ' ಎಂದ ತನ್ನ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು.

"ಒಂದು ತುಂಡು ಕೊಡಿ... ಈಗ್ಲೇ."

"ಆ ನೀರಿಗಾ? ಸಾಯಿಸ್ತೀರಾ? ಮೊದ್ಲು ತೊಟ್ಟಿ ತೊಳೆಯೋಣ."

ಕೆಳಗಿಳಿದು ಬಂದವನು ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಆ ಕೊಳಕಿನಲ್ಲಿ ಕೈ ಇಳಿಸಿದ. ಅಮ್ಮನ ಹವಳದ ಕಲ್ಲನ್ನು ಮೆಲ್ಲನೆ ಎತ್ತಿ, ಬಕೆಟ್ಟಿಗೆ ಎಸೆಯದೆ, ಅವಳತ್ತ ಚಾಚಿದ.

"ಲೋಳೆ ತೊಳೆದ್ರೆ ಕಲ್ಲು ಚೆನ್ನಾಗಿದೆ. ಹೊಸ ತುಂಡನ್ನ ಇದರ ಮೇಲೇ ಅಂಟಿಸೋಣ... ನೀವಂದ್ರೆ ನಂಗೆ ಪ್ರಾಣ."

"ಥೂ! ಇಂಥ ನಾತದಲ್ಲಾ ಹೇಳೋದು?"

"ಬಾಗಿಲು ಮತ್ತೆ ಯಾವಾಗ ತೆರೆಯುತ್ತೋ ಯಾರಿಗೆ ಗೊತ್ತು!"

ಅವಳು ಕಲ್ಲನ್ನು ಹಿಡಿದಳು. ಅದರೊಂದಿಗೆ, ಲೋಳೆ ಸುರಿಯುತ್ತಿದ್ದ ಅವನ ಬೆರಳುಗಳನ್ನೂ. ಕಣ್ಣು ತುಂಬಿತು.

"ವಾಕರಿಕೆ ಬರ್ತಿದೆ, ಡಾಕ್ಟ್ರೇ..."

"ಕೈ ತೆಗೀಲಾ?"

"ತೆಗೆದು ನೋಡಿ!"